ದೇವರ ಮನೆಗೆ ಸೂರ್ಯನ ಬೆಳಕು: ಗೋಡೆ ಏಳುವ ಮೊದಲೇ ಹಾಕಬೇಕಾದ ಲೆಕ್ಕ

ಈಗಿನ 30x40 ಸೈಟಿನ ಮನೆಗಳಲ್ಲಿ ದೇವರ ಮನೆ ಅಂದರೆ ಏನಿರುತ್ತದೆ ಹೇಳಿ? ಈಶಾನ್ಯ ಮೂಲೆಯಲ್ಲಿ ಐದಡಿಗೆ ಐದಡಿ ಜಾಗ, ಒಂದು ಸ್ಲೈಡಿಂಗ್ ಕಿಟಕಿ, ಹೊಳೆಯುವ ಟೈಲ್ಸ್, ಫಾಲ್ಸ್ ಸೀಲಿಂಗ್‌ನಲ್ಲಿ ನಾಲ್ಕು ಎಲ್ಇಡಿ. ಕಿಟಕಿ ಇದ್ದರೂ ಹಗಲಲ್ಲೇ ಲೈಟ್ ಹಾಕಿಕೊಂಡು ಪೂಜೆ ಮಾಡುತ್ತಾರೆ. ಬೆಳಕು ಒಳಗೆ ಬರುತ್ತದೆ, ಇಲ್ಲ ಅಂತಲ್ಲ. ಆದರೆ ಅದು ಟೈಲ್ಸ್ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ, ದೇವರ ಮುಖ ಮಾತ್ರ ಕಪ್ಪಗೇ ಇರುತ್ತದೆ.

ಇದಕ್ಕೆ ಕಾರಣ ಸರಳ. ನಾವು ಮೊದಲು ಕಿಟಕಿ ಇಡುತ್ತೇವೆ, ಆಮೇಲೆ ಬೆಳಕು ಎಲ್ಲಿ ಬೀಳುತ್ತದೋ ನೋಡುತ್ತೇವೆ. ಇದನ್ನು ತಿರುಗಿಸಬೇಕು. ಯಾವ ಹೊತ್ತಿಗೆ, ಯಾವುದರ ಮೇಲೆ ಬೆಳಕು ಬೀಳಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ಅದು ಗೊತ್ತಾದರೆ ಕಿಂಡಿ ಎಲ್ಲಿ ಬರಬೇಕು, ಎಷ್ಟು ಇರಬೇಕು ಅನ್ನುವುದು ಲೆಕ್ಕದಲ್ಲೇ ಸಿಗುತ್ತದೆ. ಮೇಸ್ತ್ರಿಗೆ ಅರ್ಥವಾಗುವ ಲೆಕ್ಕವೇ, ಹೆದರಬೇಡಿ.

ಕೆಳಗೆ ಕೊಟ್ಟಿರುವ ಅಂಕಿಗಳು ಬೆಂಗಳೂರಿನ ಅಕ್ಷಾಂಶಕ್ಕೆ, ಅಂದರೆ ಸುಮಾರು 13 ಡಿಗ್ರಿಗೆ. ಮಂಗಳೂರು, ಹಾಸನ, ಮೈಸೂರಿಗೂ ಹಾಗೇ ಬಳಸಬಹುದು. ಕಲಬುರಗಿ, ಬೀದರ್ ಕಡೆಯವರಿಗೆ ಕೆಲವು ಡಿಗ್ರಿ ವ್ಯತ್ಯಾಸ ಬರುತ್ತದೆ.

ಮೊದಲು ಕತ್ತಲೆ ಬೇಕು

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಬಿಸಿಲಿನ ಹೊತ್ತಲ್ಲಿ ಹೋದವರಿಗೆ ಇದು ಗೊತ್ತಿರುತ್ತದೆ. ಅಂಗಳದಲ್ಲಿ ಕಲ್ಲು ಕಾಲು ಸುಡುತ್ತದೆ, ಕಣ್ಣು ಬಿಡಕ್ಕಾಗಲ್ಲ. ಒಳಗೆ ಹೋದ ತಕ್ಷಣ ಏನೂ ಕಾಣುವುದಿಲ್ಲ. ಒಂದೆರಡು ನಿಮಿಷ ನಿಂತರೆ ನವರಂಗದ, ಅಂದರೆ ನಡುವಿನ ಮಂಟಪದ, ಕಂಬಗಳ ಹೊಳಪು ಕಾಣಲು ಶುರುವಾಗುತ್ತದೆ, ಆಮೇಲೆ ಮೇಲಿನ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಛಾವಣಿ. ದೇವಸ್ಥಾನ ಕಟ್ಟಿದ್ದು 1117ರಲ್ಲಿ. ಈಗ ಕಾಣುವ ಕಲ್ಲಿನ ಜಾಲಂಧ್ರಗಳು, ಅಂದರೆ ತೂತು ಕೊರೆದ ಜಾಳಿಗಳು, ಆಮೇಲೆ ಸೇರಿಸಿದವು. ಅವು ಬೆಳಕನ್ನು ತಡೆದು, ಸೋಸಿ, ಚೂರು ಚೂರೇ ಒಳಗೆ ಬಿಡುತ್ತವೆ.

ನಮ್ಮ ಕಣ್ಣು ಬಿಸಿಲಿನಿಂದ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಮೊದಲ ಕೆಲವು ನಿಮಿಷದಲ್ಲೇ ದೊಡ್ಡ ಬದಲಾವಣೆ ಆಗಿಬಿಡುತ್ತದೆ. ಹಳೇ ದೇವಸ್ಥಾನಗಳಲ್ಲಿ ಅಂಗಳ, ಮುಖಮಂಟಪ, ನವರಂಗ, ಗರ್ಭಗುಡಿ ಅಂತ ಹಂತ ಹಂತವಾಗಿ ಬೆಳಕು ಇಳಿಯುತ್ತಾ ಹೋಗುವುದರಿಂದ ಕೊನೆಗೆ ಒಂದು ಎಣ್ಣೆ ದೀಪವೇ ಸಾಕಾಗುತ್ತದೆ.

ಮನೆಯಲ್ಲಿ ನವರಂಗ ಕಟ್ಟಲು ಜಾಗ ಎಲ್ಲಿದೆ, ಅಲ್ವಾ? ಆದರೂ ಹಾಲ್‌ನಿಂದ ನೇರವಾಗಿ ದೇವರ ಮನೆಗೆ ಬಾಗಿಲು ಇಡುವ ಬದಲು ಮಧ್ಯೆ ಮೂರು ನಾಲ್ಕು ಅಡಿಯ ಒಂದು ಮಬ್ಬು ಜಾಗ ಬಿಡಬಹುದು. ಕಿಟಕಿ ಇಲ್ಲದ ಚಿಕ್ಕ ಓಣಿ, ಸೀಲಿಂಗ್ ಸ್ವಲ್ಪ ತಗ್ಗು, ಗೋಡೆಗೆ ಗಾಢ ಬಣ್ಣ. ಇಷ್ಟು ಮಾಡಿದರೆ ಒಳಗಿನ ಸಣ್ಣ ಕಿಂಡಿಯ ಬೆಳಕೂ ದೊಡ್ಡದಾಗಿ ಕಾಣುತ್ತದೆ.

ಎಷ್ಟು ಬೆಳಕು ಸಾಕು? ಫೋನಿನಲ್ಲಿ ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಅಳೆಯುವ ಆ್ಯಪ್ ಹಾಕಿಕೊಳ್ಳಿ, ಅಂದಾಜಿಗೆ ಸಾಕು. ಹೊರಗೆ ನೇರ ಬಿಸಿಲು 1,00,000 ಲಕ್ಸ್ ಹತ್ತಿರ ಇರುತ್ತದೆ. ಧ್ಯಾನಕ್ಕೆ ಕೂರುವ ಜಾಗದಲ್ಲಿ 50 ಲಕ್ಸ್ ಇದ್ದರೂ ನನಗೆ ಸಾಕು ಅನ್ನಿಸುತ್ತದೆ. ವಿಷ್ಣುಸಹಸ್ರನಾಮವನ್ನೋ ವಚನವನ್ನೋ ಪುಸ್ತಕ ನೋಡಿ ಓದುವವರಿದ್ದರೆ, ಅದರಲ್ಲೂ ವಯಸ್ಸಾದವರಿದ್ದರೆ, ಅವರು ಕೂರುವ ಕಡೆಗೆ ಮಾತ್ರ 200-300 ಬರುವ ಹಾಗೆ ನೋಡಿಕೊಳ್ಳಿ. ಇಡೀ ಕೋಣೆಗೆ ಬೇಡ.

ಹೊತ್ತು ಮತ್ತು ಮುಖ

ಮನೆಯವರು ನಿಜವಾಗಿ ಯಾವಾಗ ಅಲ್ಲಿ ಕೂರುತ್ತಾರೆ ಅಂತ ಕೇಳಿ. ಬ್ರಾಹ್ಮೀ ಮುಹೂರ್ತ ಅನ್ನುವುದು ಬೇಡ, ನಿಜವಾದ ಟೈಮ್ ಬೇಕು. ಹೆಚ್ಚಿನ ಮನೆಗಳಲ್ಲಿ ಅದು ಬೆಳಿಗ್ಗೆ 7ರಿಂದ 8:30ರ ಒಳಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ಹಾಗಾಗಿ ಲೆಕ್ಕ ಬೆಳಗಿನದೇ.

ಇನ್ನು ದೇವರ ಮುಖ. ವಾಸ್ತು ಹೇಳುವವರು ಪೂರ್ವ ಅಥವಾ ಪಶ್ಚಿಮಕ್ಕೆ ಮುಖ ಇಡಲು ಹೇಳುತ್ತಾರೆ. ಬೆಳಕಿನ ದೃಷ್ಟಿಯಿಂದ ಇವೆರಡೂ ಒಂದೇ ಅಲ್ಲ.

ದೇವರು ಪಶ್ಚಿಮದ ಗೋಡೆಗೆ ಬೆನ್ನು ಮಾಡಿ ಪೂರ್ವಕ್ಕೆ ನೋಡುತ್ತಿದ್ದರೆ ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ನೇರ ಮೂರ್ತಿಯ ಮೇಲೆ ಬೀಳುತ್ತದೆ. ಇದು ಚೆನ್ನ. ಕಿಂಡಿ ನಿಮ್ಮ ತಲೆಗಿಂತ ಮೇಲಿರಬೇಕು ಅಷ್ಟೇ, ಇಲ್ಲದಿದ್ದರೆ ನಿಮ್ಮ ನೆರಳೇ ದೇವರ ಮೇಲೆ.

ದೇವರು ಪಶ್ಚಿಮಕ್ಕೆ ನೋಡುತ್ತಿದ್ದರೆ ಪೂರ್ವದ ಗೋಡೆ ಅವರ ಬೆನ್ನ ಹಿಂದೆ ಬರುತ್ತದೆ. ಅಲ್ಲಿ ಕಿಟಕಿ ಇಟ್ಟರೆ ಮೂರ್ತಿ ಬರೀ ಕಪ್ಪು ಆಕಾರವಾಗುತ್ತದೆ, ಬೆಳಕೆಲ್ಲ ನಿಮ್ಮ ಕಣ್ಣಿಗೆ. ಜಪಾನಿನ ಒಸಾಕಾ ಹತ್ತಿರ ಇಬಾರಾಕಿಯಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ 1989ರಲ್ಲಿ ಕಟ್ಟಿದ ಚರ್ಚಿನಲ್ಲಿ ಎದುರಿನ ಕಾಂಕ್ರೀಟ್ ಗೋಡೆಯನ್ನೇ ಶಿಲುಬೆ ಆಕಾರದಲ್ಲಿ ಸೀಳಿದ್ದಾರೆ. ಅದರ ಫೋಟೊ ತೋರಿಸಿ ನಮಗೂ ಹಾಗೇ ಬೇಕು ಅನ್ನುವವರು ಇದ್ದಾರೆ. ಅಲ್ಲಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಬೆಳಕೇ ಶಿಲುಬೆ, ಅದರ ಮುಂದೆ ನೋಡಬೇಕಾದ ವಸ್ತು ಬೇರೆ ಇಲ್ಲ. ನಿಮ್ಮ ಮನೆಯಲ್ಲಿ ಗಣಪತಿ, ಲಕ್ಷ್ಮಿ, ಹೂವು, ಕಲಶ ಎಲ್ಲ ಇದೆ. ಅವು ಕಾಣಬೇಕು. ಹಾಗಾಗಿ ಪಶ್ಚಿಮಾಭಿಮುಖ ದೇವರಿಗೆ ಪಕ್ಕದ ಗೋಡೆಯಿಂದ ಅಥವಾ ಮೇಲಿನಿಂದ ಬೆಳಕು ತನ್ನಿ.

ಮಸೀದಿಯದೂ ಇದೇ ಕಥೆ, ದಿಕ್ಕು ಮಾತ್ರ ಉಲ್ಟಾ. ನಮ್ಮಲ್ಲಿ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ ಬರುತ್ತದೆ. ಆ ಗೋಡೆಯಲ್ಲಿ ಕಿಟಕಿ ಇಟ್ಟರೆ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಇಳಿಬಿಸಿಲು ಎಲ್ಲರ ಮುಖಕ್ಕೆ. ಆ ಗೋಡೆ ಮುಚ್ಚಿಟ್ಟು, ಪಕ್ಕದಿಂದ ಜಾಳಿಯ ಮೂಲಕ ಬೆಳಕು ತರುವುದು ಒಳ್ಳೆಯದು. ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಳಿಯಾಗಿ ಕೊರೆದದ್ದನ್ನು ನೋಡಬೇಕೆಂದರೆ ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋಗಿ.

ಸೂರ್ಯನ ಲೆಕ್ಕ: ಕಾಲು, ಅರ್ಧ, ಸಮ

ಪೂರ್ವದ ಗೋಡೆಯಲ್ಲಿ ಕಿಂಡಿ ಇದೆ ಅಂದುಕೊಳ್ಳಿ. ಅಲ್ಲಿಂದ ಎದುರಿನ ಗೋಡೆಗೆ ಎಷ್ಟು ಅಡಿ ದೂರ ಅಂತ ಅಳೆಯಿರಿ. ಸೂರ್ಯ ಹುಟ್ಟಿ ಒಂದು ಗಂಟೆ ಆದಾಗ, ಬೆಳಕು ಆ ದೂರದ ಕಾಲು ಭಾಗದಷ್ಟು ಕೆಳಗೆ ಇಳಿದಿರುತ್ತದೆ. ಎರಡು ಗಂಟೆ ಆದಾಗ ಅರ್ಧಕ್ಕಿಂತ ಚೂರು ಜಾಸ್ತಿ. ಮೂರು ಗಂಟೆಗೆ ದೂರ ಎಷ್ಟೋ ಇಳಿತವೂ ಹೆಚ್ಚುಕಮ್ಮಿ ಅಷ್ಟೇ.

ಉದಾಹರಣೆಗೆ ಕೋಣೆ 8 ಅಡಿ ಉದ್ದ. ಕಿಂಡಿ ನೆಲದಿಂದ ಏಳೂವರೆ ಅಡಿ ಮೇಲಿದೆ. ಒಂದು ಗಂಟೆಗೆ ಬೆಳಕು 2 ಅಡಿ ಇಳಿದು ಎದುರಿನ ಗೋಡೆಯಲ್ಲಿ ಐದೂವರೆ ಅಡಿ ಎತ್ತರದಲ್ಲಿರುತ್ತದೆ. ಎರಡು ಗಂಟೆಗೆ ನಾಲ್ಕೂವರೆ ಅಡಿ ಇಳಿದು 3 ಅಡಿ ಎತ್ತರಕ್ಕೆ ಬರುತ್ತದೆ. ಮೂರ್ತಿಯ ಮುಖ 3 ಅಡಿ ಎತ್ತರದಲ್ಲಿದ್ದರೆ ಬಿಸಿಲು ಅಲ್ಲಿ ಬೀಳುವುದು ಸೂರ್ಯೋದಯದ ಎರಡು ಗಂಟೆ ಆದಮೇಲೆ. ನಿಮಗೆ ಬೇಗ ಬೇಕು ಅಂದರೆ ಕಿಂಡಿ ಕೆಳಗಿಳಿಸಬೇಕು, ಇಲ್ಲ ಪೀಠ ಎತ್ತರಿಸಬೇಕು.

ಈ ಲೆಕ್ಕದ ಚೆಂದ ಏನೆಂದರೆ, ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಹಾಗಾಗಿ ಡಿಸೆಂಬರ್ ಇರಲಿ ಜೂನ್ ಇರಲಿ ಈ ಕಾಲು, ಅರ್ಧ, ಸಮ ಅನ್ನುವುದು ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಸೂರ್ಯೋದಯದ ಟೈಮ್. ಬೆಂಗಳೂರಲ್ಲಿ ಅದು ಜೂನ್ ಸುಮಾರಿಗೆ 5:50ರ ಆಸುಪಾಸು, ಜನವರಿ ಕೊನೆಗೆ 6:45ರ ಆಸುಪಾಸು.

1 ಅಡಿ ಎತ್ತರದ ಮೂರ್ತಿಯ ಮೇಲೆ, 8 ಅಡಿ ದೂರದ ಸಣ್ಣ ಕಿಂಡಿಯಿಂದ ಬಂದ ಬೆಳಕು ಸುಮಾರು ಅರ್ಧ ಗಂಟೆ ನಿಲ್ಲುತ್ತದೆ. ಕಿಂಡಿ ಎತ್ತರ ಜಾಸ್ತಿ ಮಾಡಿದರೆ ಇನ್ನೂ ಸ್ವಲ್ಪ ಹೊತ್ತು.

ಎದುರುಮನೆ

ಇದನ್ನು ಮರೆತರೆ ಮೇಲಿನದೆಲ್ಲ ವ್ಯರ್ಥ. ರಸ್ತೆ 30 ಅಡಿ, ಎರಡೂ ಕಡೆ ಸೆಟ್‌ಬ್ಯಾಕ್ 3 ಅಡಿ, ಒಟ್ಟು 36 ಅಡಿ ದೂರದಲ್ಲಿ 30 ಅಡಿ ಎತ್ತರದ ಮನೆ ಇದೆ. ನಿಮ್ಮ ಕಿಂಡಿ 7 ಅಡಿ ಎತ್ತರದಲ್ಲಿದೆ. ಅಂದರೆ ಅದಕ್ಕಿಂತ 23 ಅಡಿ ಮೇಲೆ ಅವರ ಪ್ಯಾರಪೆಟ್. 23 ಅನ್ನು 36ರಿಂದ ಭಾಗಿಸಿದರೆ 0.64. ಅರ್ಧಕ್ಕಿಂತ ಜಾಸ್ತಿ, ಅಂದರೆ ಎರಡು ಗಂಟೆ ಕಳೆದ ಮೇಲೇ ನೇರ ಬಿಸಿಲು. 7 ಗಂಟೆಯ ಪೂಜೆಗೆ ಇದು ಸಿಗುವುದಿಲ್ಲ.

ಪೂರ್ವದಲ್ಲಿ ರಸ್ತೆಯ ಬದಲು ಪಕ್ಕದ ಮನೆಯೇ ಇದ್ದು ಮಧ್ಯೆ ಬರೀ 6 ಅಡಿ ಗ್ಯಾಪ್ ಇದ್ದರೆ, ಪೂರ್ವದ ಬಿಸಿಲಿನ ಆಸೆ ಬಿಡಿ. ಈಗ ಅಲ್ಲಿ ಖಾಲಿ ಸೈಟ್ ಇದ್ದರೂ ನಾಳೆ ಕಟ್ಟುತ್ತಾರೆ ಅಂತಲೇ ಲೆಕ್ಕ ಹಾಕಿ. ಅಂಥ ಕಡೆ ಬೆಳಕು ಮೇಲಿನಿಂದಲೇ ಬರಬೇಕು.

ದಿಕ್ಕು ನೋಡಲು ಫೋನಿನ ದಿಕ್ಸೂಚಿ ಸಾಕು, ಆದರೆ ಕಂಬಿ ಕಟ್ಟಿದ ಪಿಲ್ಲರ್ ಹತ್ತಿರ, ಬೋರ್‌ವೆಲ್ ಪೈಪ್ ಪಕ್ಕ ನಿಂತು ನೋಡಬೇಡಿ, ಅದು ಏನೇನೋ ತೋರಿಸುತ್ತದೆ. ಸೈಟಿನ ಮಧ್ಯೆ ನಿಂತು ಎರಡು ಮೂರು ಸಲ ನೋಡಿ. ಎಷ್ಟೋ ಬಡಾವಣೆಗಳಲ್ಲಿ ಪೂರ್ವದ ಸೈಟು ಅಂತ ಮಾರಿರುವುದು ಪೂರ್ವಕ್ಕೆ ಸರಿಯಾಗಿ ಇರುವುದೇ ಇಲ್ಲ.

ಅಡ್ಡ ಕಿಂಡಿಯೋ, ಉದ್ದ ಕಿಂಡಿಯೋ

ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಎಷ್ಟೋ ನಕ್ಷೆಗಳಲ್ಲಿ ಇದನ್ನು ಬರೀ ಅಲಂಕಾರ ಅಂತ ನೋಡಿರುತ್ತಾರೆ.

ಬೆಂಗಳೂರಲ್ಲಿ ಜೂನ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಸರಿ ಪೂರ್ವಕ್ಕಿಂತ 24 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ 21ಕ್ಕೆ 24 ಡಿಗ್ರಿ ದಕ್ಷಿಣಕ್ಕೆ. ಅಂದರೆ ವರ್ಷದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ವಾಪಸ್ ಬರುತ್ತಾನೆ. 8 ಅಡಿ ಆಚೆಯ ಗೋಡೆಯಲ್ಲಿ ಬಿಸಿಲಿನ ಪಟ್ಟೆ ಒಂದು ಪಕ್ಕಕ್ಕೆ ಮೂರು ಅಡಿಯೂ ಇನ್ನೊಂದು ಪಕ್ಕಕ್ಕೆ ನಾಲ್ಕು ಅಡಿಗಿಂತ ಜಾಸ್ತಿಯೂ ಸರಿಯುತ್ತದೆ. ಮಾರ್ಚ್, ಸೆಪ್ಟೆಂಬರ್ ಕೊನೆಯಲ್ಲಂತೂ ದಿನಕ್ಕೆ ಅರ್ಧದಿಂದ ಮುಕ್ಕಾಲು ಇಂಚು.

ಈಗ ನೋಡಿ. ದಿನದ ಒಳಗೆ ಬೆಳಕು ಮೇಲಿಂದ ಕೆಳಗೆ ಇಳಿಯುತ್ತದೆ. ವರ್ಷದ ಒಳಗೆ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಹಾಗಾಗಿ ಗೋಡೆಯ ಉದ್ದಕ್ಕೂ ಅಡ್ಡಲಾಗಿ, ನಾಲ್ಕೈದು ಇಂಚು ಎತ್ತರದ ಒಂದು ಕಿಂಡಿ ಬಿಟ್ಟರೆ, ಯಾವ ತಿಂಗಳಾದರೂ ಸೂರ್ಯೋದಯದಿಂದ ಅಷ್ಟೇ ಹೊತ್ತಿಗೆ ದೇವರ ಮೇಲೆ ಬೆಳಕು ಬೀಳುತ್ತದೆ. ಅಂದರೆ ಅಡ್ಡ ಕಿಂಡಿ ಹೊತ್ತನ್ನು ಹಿಡಿಯುತ್ತದೆ. ಅದೇ ನೆಟ್ಟಗೆ ಉದ್ದಕ್ಕೆ ಸೀಳಿದ ಕಿಂಡಿ ಬೆಳಿಗ್ಗೆ ಸುಮಾರು ಹೊತ್ತು ದೇವರ ಮೇಲೆ ಬೆಳಕು ನಿಲ್ಲಿಸುತ್ತದೆ, ಆದರೆ ವರ್ಷದ ಕೆಲವೇ ದಿನ. ಅದು ಋತುವನ್ನು ಹಿಡಿಯುತ್ತದೆ.

ದಿನಾ ಪೂಜೆ ಮಾಡುವ ಮನೆಗೆ ಅಡ್ಡ ಕಿಂಡಿ. ವರ್ಷಕ್ಕೊಮ್ಮೆ ಒಂದು ವಿಶೇಷ ದಿನ ಬೇಕು ಅನ್ನುವವರಿಗೆ ಉದ್ದ ಕಿಂಡಿ. ಎರಡೂ ಬೇಕೆಂದು ಚೌಕದ ಕಿಟಕಿ ಇಟ್ಟರೆ ಎರಡೂ ಸಿಗುವುದಿಲ್ಲ, ಮತ್ತೆ ಮಾಮೂಲಿ ಕಿಟಕಿಯೇ.

ಐದಡಿ ಅಗಲದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡ ಕಿಂಡಿ ಬಿಟ್ಟರೂ ಡಿಸೆಂಬರ್, ಜೂನ್ ಸುತ್ತಮುತ್ತ ಬೆಳಕು ಮೂರ್ತಿಯನ್ನು ತಪ್ಪಿಸಿ ಪಕ್ಕದ ಗೋಡೆಗೆ ಹೋಗುತ್ತದೆ. ಪರವಾಗಿಲ್ಲ. ಕೋಣೆ ಏಳೆಂಟು ಅಡಿ ಅಗಲ ಇದ್ದರೆ ಹೆಚ್ಚುಕಡಿಮೆ ವರ್ಷಪೂರ್ತಿ ಸಿಗುತ್ತದೆ. ಅಂದಹಾಗೆ, ಈ ಕಿಂಡಿಯನ್ನು ಲಿಂಟಲ್ ಪಟ್ಟಿಯ (ಬಾಗಿಲು ಕಿಟಕಿಗಳ ಮೇಲೆ ಬರುವ ಕಾಂಕ್ರೀಟ್ ಪಟ್ಟಿ) ಕೆಳಗೇ ತಂದರೆ ಕೆಲಸ ಸುಲಭ. ಕಟ್ಟಿ ಮುಗಿದ ಮೇಲೆ ಗೋಡೆ ಒಡೆಯಲು ಹೋಗಬೇಡಿ, ಇಂಜಿನಿಯರ್ ಹತ್ತಿರ ಮೊದಲೇ ಮಾತಾಡಿ.

ಹಬ್ಬದ ದಿನಕ್ಕೆ ಬೆಳಕು ಹೊಂದಿಸುವ ಆಸೆ

ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನ ನೋಡಿ ಎಲ್ಲರಿಗೂ ಈ ಆಸೆ ಬರುತ್ತದೆ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ಮಧ್ಯೆ ಹಾದು ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಕೆಲವೇ ನಿಮಿಷ. ನೈರುತ್ಯದಲ್ಲಿ ಇಳಿಯುವ ಚಳಿಗಾಲದ ಸೂರ್ಯನನ್ನು ಹಿಡಿಯುವ ವಿನ್ಯಾಸ ಅದು.

ಮನೆಯಲ್ಲಿ ಹೀಗೆ ಮಾಡಲು ಹೊರಟರೆ ಎರಡು ವಿಷಯ ಗೊತ್ತಿರಲಿ. ಒಂದು, ಸೂರ್ಯ ಹೋದ ದಾರಿಯಲ್ಲೇ ವಾಪಸ್ ಬರುವುದರಿಂದ ನೀವು ಹಿಡಿದ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ. ಜನವರಿ 14ಕ್ಕೆ ಹೊಂದಿಸಿದ ಕಿಂಡಿಯಲ್ಲಿ ನವೆಂಬರ್ ಕೊನೆಯ ವಾರದಲ್ಲೂ ಅದೇ ಬೆಳಕು ಬೀಳುತ್ತದೆ. ಒಂದೇ ಸಲ ಬೇಕು ಅಂದರೆ ಡಿಸೆಂಬರ್ 21 ಅಥವಾ ಜೂನ್ 21ರ ಸುತ್ತ ಮಾತ್ರ ಸಾಧ್ಯ, ಆಗ ಸೂರ್ಯ ನಿಂತಲ್ಲೇ ನಿಂತ ಹಾಗೆ ಇರುವುದರಿಂದ ಬೆಳಕು ಸುಮಾರು ದಿನ ಅಲ್ಲೇ ಇರುತ್ತದೆ.

ಎರಡು, ಯುಗಾದಿ, ಶಿವರಾತ್ರಿ, ದೀಪಾವಳಿಗೆ ಹೊಂದಿಸಿ ಅಂತ ಕೇಳಿದರೆ ಆಗುವುದಿಲ್ಲ. ಅವು ಚಾಂದ್ರಮಾನದ ಹಬ್ಬಗಳು, ಪ್ರತಿ ವರ್ಷ ಮುಂದೆ ಹಿಂದೆ ಓಡಾಡುತ್ತವೆ. ಸಂಕ್ರಾಂತಿ ಸೌರಮಾನದ್ದು, ಅದಕ್ಕೇ ಅದು ಸಾಧ್ಯ. ನಿಮ್ಮ ಮನೆಯ ಗೃಹಪ್ರವೇಶದ ದಿನಾಂಕ, ತಾಯಿಯ ಹುಟ್ಟಿದ ದಿನಾಂಕ, ಇಂಥವಕ್ಕೂ ಹೊಂದಿಸಬಹುದು. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ 12 ರಾಶಿ ಕಂಬಗಳ ಬಗ್ಗೆ ಇರುವ ಪ್ರತೀತಿಯೂ ಸೌರಮಾಸದ್ದೇ: ಆಯಾ ರಾಶಿಯ ಕಂಬದ ಮೇಲೆ ಆಯಾ ತಿಂಗಳು ಬಿಸಿಲು ಬೀಳುತ್ತದೆ ಅನ್ನುತ್ತಾರೆ.

ಕಿಂಡಿಯ ಆಳ, ಮತ್ತು ಓಂ ಕೊರೆಯುವ ಚಟ

9 ಇಂಚಿನ ಗೋಡೆಯಲ್ಲಿ 4 ಇಂಚು ಅಗಲದ ಉದ್ದ ಕಿಂಡಿ ಬಿಟ್ಟರೆ, ಸೂರ್ಯ ಸರಿ ಪೂರ್ವದಿಂದ 24 ಡಿಗ್ರಿ ಸರಿದ ಕೂಡಲೇ ಗೋಡೆಯ ದಪ್ಪವೇ ಬಿಸಿಲನ್ನು ಪೂರ್ತಿ ತಡೆಯುತ್ತದೆ. ಇದಕ್ಕೆ ಮದ್ದು ಏನೆಂದರೆ ಹೊರಗಡೆ ಕಿರಿದಾಗಿ, ಒಳಗಡೆ ಅಗಲವಾಗಿ ಓರೆ ಮಾಡುವುದು. ಓರೆ ಮಾಡಿದ ಆ ಪಕ್ಕಗಳ ಮೇಲೂ ಬೆಳಕು ಬಿದ್ದು, ಕಿಂಡಿಯ ಉರಿ ಬೆಳಕಿಗೂ ಕತ್ತಲ ಗೋಡೆಗೂ ಮಧ್ಯೆ ಒಂದು ಮೆದುವಾದ ಅಂಚು ಸಿಗುತ್ತದೆ. ಕಣ್ಣಿಗೆ ಎಷ್ಟೋ ಹಿತ. ಫ್ರಾನ್ಸಿನ ರೋಂಶಾಂಪ್‌ನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1955ರಲ್ಲಿ ಮುಗಿಸಿದ ಚಾಪೆಲ್‌ನ ದಪ್ಪ ದಕ್ಷಿಣ ಗೋಡೆ ಪೂರ್ತಿ ಇಂಥ ಓರೆ ಕಿಂಡಿಗಳೇ.

ಈಗ ಓಂ ವಿಷಯ. ಎಂಡಿಎಫ್ ಹಲಗೆಯಲ್ಲಿ ಸಿಎನ್‌ಸಿ ಮಷೀನಿಂದ ಓಂ, ತ್ರಿಶೂಲ, ಕಮಲ ಕೊರೆಸಿ, ಅದರ ಆಕಾರದಲ್ಲೇ ಬಿಸಿಲು ಗೋಡೆ ಮೇಲೆ ಬೀಳುತ್ತದೆ ಅಂದುಕೊಳ್ಳುತ್ತಾರೆ. ಬೀಳುವುದಿಲ್ಲ. ಸೂರ್ಯ ಒಂದು ಚುಕ್ಕಿಯಲ್ಲ, ನಮಗೆ ಅರ್ಧ ಡಿಗ್ರಿ ಅಗಲ ಕಾಣುವ ತಟ್ಟೆ. ಹಾಗಾಗಿ ಬಿಸಿಲಿನ ಅಂಚು 8 ಅಡಿ ದೂರಕ್ಕೆ ಹೋಗುವಷ್ಟರಲ್ಲಿ ಸುಮಾರು ಒಂದು ಇಂಚು ಮಸುಕಾಗುತ್ತದೆ. ಅರ್ಧ ಇಂಚಿನ ಗೆರೆಯಲ್ಲಿ ಕೊರೆದ ಓಂ ಅಲ್ಲಿ ಬರೀ ಒಂದು ಮಬ್ಬು ಮಚ್ಚೆ. ಗೆರೆ ಕನಿಷ್ಠ 2 ಇಂಚು ದಪ್ಪ ಇರಲಿ, ಅಥವಾ ಜಾಳಿಯನ್ನು ಗೋಡೆಗೆ ಹತ್ತಿರ ತನ್ನಿ.

ತೂತು ತೀರಾ ಸಣ್ಣದಾದರೆ ಅದರ ಆಕಾರ ಏನೇ ಇದ್ದರೂ ಗೋಡೆ ಮೇಲೆ ಬೀಳುವುದು ಸೂರ್ಯನ ದುಂಡು ಬಿಂಬ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆ ಮೇಲೆ ಕಾಣುತ್ತದಲ್ಲ, ಅದೂ ಇದೇ ತತ್ವ. ಸಣ್ಣ ತೂತು, ಕತ್ತಲ ಕೋಣೆ, ಹೊರಗೆ ಬಿಸಿಲಿಗೆ ಹೊಳೆಯುವ ಗೋಪುರ.

ಮೇಲಿನಿಂದ ಬೆಳಕು

ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ, ಹೆಂಚಿನ ಮನೆಗಳಲ್ಲಿ ಗಾಜಿನ ಹೆಂಚು, ತೊಟ್ಟಿ ಮನೆಯಲ್ಲಿ ತೊಟ್ಟಿ. ನಮಗೆ ಇದು ಹೊಸದೇನಲ್ಲ. ರೋಮ್‌ನ ಪ್ಯಾಂಥಿಯನ್ ಗುಮ್ಮಟದ ನೆತ್ತಿಯಲ್ಲೂ ಸುಮಾರು 9 ಮೀಟರ್ ಅಗಲದ ಬಾಯಿ ಇದೆ, ಗಾಜಿಲ್ಲ, ಮಳೆ ನೇರ ಒಳಗೇ ಬರುತ್ತದೆ, ನೆಲದಲ್ಲಿ ನೀರು ಹೋಗಲು ತೂತುಗಳಿವೆ.

ಆರ್‌ಸಿಸಿ ಸ್ಲ್ಯಾಬಿನಲ್ಲಿ ಗಾಜು ಮಲಗಿಸಿ ಸ್ಕೈಲೈಟ್ ಮಾಡುವುದು ನಮ್ಮ ಬಿಸಿಲಿಗೆ ಒಳ್ಳೆಯ ಐಡಿಯಾ ಅಲ್ಲ. ಬೆಂಗಳೂರಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಕೂರಲು ಆಗುವುದಿಲ್ಲ, ತುಪ್ಪವೂ ಕರಗಿರುತ್ತದೆ. ದೊಡ್ಡ ಸ್ಕೈಲೈಟ್ ಬದಲು ಎರಡು ದಾರಿ ಇವೆ.

ಮೊದಲನೆಯದು, ಸ್ಲ್ಯಾಬಿನ ಒಂದು ಭಾಗವನ್ನು ಎರಡಡಿ ಎತ್ತರಿಸಿ, ಎದ್ದ ಆ ಗೋಡೆಯಲ್ಲಿ ನೆಟ್ಟಗೆ ಗಾಜು ಹಾಕುವುದು. ದಕ್ಷಿಣಕ್ಕೆ ಗಾಜು ಇದ್ದರೆ ಡಿಸೆಂಬರಿನ ಮಧ್ಯಾಹ್ನದ ಬಿಸಿಲು ಸುಮಾರು 53 ಡಿಗ್ರಿ ಎತ್ತರದಿಂದ ಒಳಗೆ ಬರುತ್ತದೆ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ನೇರ ಬಿಸಿಲು ಬರುವುದೇ ಇಲ್ಲ. ಚಳಿಗೆ ಬಿಸಿಲು, ಸೆಕೆಗೆ ನೆರಳು. ಉತ್ತರಕ್ಕೆ ಗಾಜು ಇಟ್ಟರೆ ಸದಾ ಒಂದೇ ಥರದ ತಣ್ಣನೆ ಬೆಳಕು ಸಿಗುತ್ತದೆ ಅಂತ ಪಶ್ಚಿಮ ದೇಶದ ಪುಸ್ತಕಗಳಲ್ಲಿ ಇರುತ್ತದೆ, ನಮ್ಮಲ್ಲಿ ಅದು ಪೂರ್ತಿ ನಿಜವಲ್ಲ, ಯಾಕೆಂದರೆ ಮೇ, ಜೂನ್, ಜುಲೈನಲ್ಲಿ ಸೂರ್ಯ ನಮಗೆ ಉತ್ತರದ ಕಡೆಗೇ ಇರುತ್ತಾನೆ. ಮಧ್ಯಾಹ್ನದ್ದಕ್ಕೆ ಒಂದಡಿ ಸಜ್ಜ ಸಾಕು. ಬೆಳಿಗ್ಗೆ, ಸಂಜೆ ಪಕ್ಕದಿಂದ ತೂರುವ ಬಿಸಿಲಿಗೆ ಎರಡೂ ಬದಿ ನೆಟ್ಟಗೆ ಚಿಕ್ಕ ಗೋಡೆ ಕೊಡಿ.

ಎರಡನೆಯದು ಸಣ್ಣ ಬಾಯಿ, ಆಳವಾದ ಗೂಡು. ಆರೆಂಟು ಇಂಚಿನ ತೂತು, ಅದರ ಕೆಳಗೆ ಎರಡು ಮೂರು ಅಡಿ ಆಳದ ಸುಣ್ಣ ಬಳಿದ ಕೊಳವೆ ಥರದ ಗೂಡು. ಬಿಸಿಲು ಗೂಡಿನ ಗೋಡೆಗೆ ಬಡಿದು ಮೆತ್ತಗಾಗಿ ಕೆಳಗೆ ಬರುತ್ತದೆ. ಇದನ್ನು ಮೂರ್ತಿಯ ನೇರ ನೆತ್ತಿಗೆ ಬೇಡ, ಒಂದಡಿ ಮುಂದಕ್ಕೆ ತನ್ನಿ. ನೆತ್ತಿಯ ಮೇಲೆ ಬಂದರೆ ಹಣೆ, ಮೂಗು ಮಾತ್ರ ಬೆಳಗಿ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ನಿಲ್ಲುತ್ತದೆ. ಸೌಮ್ಯ ದೇವರೂ ಉಗ್ರವಾಗಿ ಕಾಣುತ್ತಾರೆ!

ಸೋರಿಕೆ ಬಗ್ಗೆ: ತೂತಿನ ಸುತ್ತ ಸ್ಲ್ಯಾಬ್ ಹಾಕುವಾಗಲೇ ಕಾಂಕ್ರೀಟಿನಲ್ಲಿ 6ರಿಂದ 9 ಇಂಚಿನ ಕಟ್ಟೆ ಎಬ್ಬಿಸಿ. ಆಮೇಲೆ ಇಟ್ಟಿಗೆ ಇಟ್ಟು ಗಾರೆ ಮಾಡಿದರೆ ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಗಾಜು ಓರೆಯಾಗಿರಲಿ, ಕಟ್ಟೆಯಿಂದ ಹೊರಗೆ ಎರಡು ಇಂಚು ಚಾಚಿರಲಿ. ತಲೆ ಮೇಲೆ ಹಾಕುವ ಗಾಜು ಲ್ಯಾಮಿನೇಟೆಡ್ ಇರಬೇಕು, ಬರೀ ಟಫನ್ಡ್ ಸಾಲದು. ಟಫನ್ಡ್ ಒಡೆದರೆ ಚೂರು ಚೂರಾಗಿ ಕೆಳಗೆ ಸುರಿಯುತ್ತದೆ, ಲ್ಯಾಮಿನೇಟೆಡ್ ಒಡೆದರೂ ಪದರಕ್ಕೆ ಅಂಟಿಕೊಂಡು ನಿಲ್ಲುತ್ತದೆ.

ಬೆಳಕು ಬೀಳುವ ಮೈ

ಪಾಲಿಶ್ ಗ್ರಾನೈಟ್, ಹೊಳೆಯುವ ಟೈಲ್ಸ್ ಬೇಡ. ಬಿಸಿಲು ಬಿದ್ದ ಕಡೆ ಕನ್ನಡಿ ಥರ ಹೊಡೆಯುತ್ತದೆ. ಬೆಳಕು ಬಂದು ಬೀಳುವ ಗೋಡೆಗೆ ಸುಣ್ಣ ಅಥವಾ ಮ್ಯಾಟ್ ಬಿಳಿ, ಉಳಿದ ಗೋಡೆಗಳಿಗೆ ಗಾರೆಯ ಬಣ್ಣ, ನೆಲಕ್ಕೆ ರೆಡ್ ಆಕ್ಸೈಡ್ ಅಥವಾ ಪಾಲಿಶ್ ಮಾಡದ ಕಡಪ. ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದ ಬಿಸಿಲು ಕೆಂಪಗೆ ಮೇಲೇಳುತ್ತದೆ, ಬಿಳಿ ಸೀಲಿಂಗ್ ಇದ್ದರೆ ಅದರ ಛಾಯೆ ಚೆನ್ನಾಗಿ ಕಾಣುತ್ತದೆ.

ಮೂರ್ತಿ ಯಾವುದರದು ಅನ್ನುವುದೂ ಮುಖ್ಯ. ಕೃಷ್ಣಶಿಲೆಯ ಕಪ್ಪು ಮೂರ್ತಿ ಬೆಳಕನ್ನು ಕುಡಿದುಬಿಡುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಪಕ್ಕದಿಂದ ಓರೆಯಾಗಿ ಬಿದ್ದರೆ ಒಂದೊಂದು ಗೆರೆಯೂ ಏಳುತ್ತದೆ. ಅಮೃತಶಿಲೆಗೆ ಮಬ್ಬು ಬೆಳಕೇ ಸಾಕು. ಬೆಳ್ಳಿ, ಹಿತ್ತಾಳೆಗೆ ನೇರ ಬಿಸಿಲು ಬೇಡ, ಬೆಳಗಿದ ಗೋಡೆಯ ಪ್ರತಿಫಲನ ಕೊಡಿ.

ನಮ್ಮ ಮನೆಗಳಲ್ಲಿ ಮೂರ್ತಿಗಿಂತ ಗಾಜು ಹಾಕಿದ ಫೋಟೊಗಳೇ ಜಾಸ್ತಿ. ಕಿಟಕಿಗೆ ನೇರ ಎದುರು ಫೋಟೊ ಹಾಕಿದರೆ ನಿಮಗೆ ಕಾಣುವುದು ಕಿಟಕಿಯೇ. ಅಜ್ಜಿ ಕಾಲದಲ್ಲಿ ಫೋಟೊಗಳನ್ನು ಮೇಲ್ಗಡೆ ಮುಂದಕ್ಕೆ ವಾಲಿಸಿ ತೂಗುಹಾಕುತ್ತಿದ್ದರು, ಅದರಿಂದ ಈ ಪ್ರತಿಬಿಂಬ ನೆಲದ ಕಡೆಗೆ ಹೋಗುತ್ತಿತ್ತು. ಹಾಗೇ ಮಾಡಿ. ನೇರ ಬಿಸಿಲಿಗೆ ಪ್ರಿಂಟ್‌ಗಳ ಬಣ್ಣ ಮಾಸುತ್ತದೆ. ಮೈಸೂರು ಶೈಲಿಯ ಚಿನ್ನದ ರೇಕಿನ ಚಿತ್ರವಿದ್ದರಂತೂ ಬಿಸಿಲು ಸೋಕಿಸಲೇಬೇಡಿ, ಪಕ್ಕದಿಂದ ಬರುವ ಮೆದು ಬೆಳಕಿಗೆ ಅದರ ಉಬ್ಬು ಕೆಲಸ ಎದ್ದು ಕಾಣುತ್ತದೆ.

ರಟ್ಟಿನಲ್ಲಿ ಮಾಡಿ ನೋಡಿ

ಕೊರಿಯರ್ ಡಬ್ಬದ ರಟ್ಟು ಸಾಕು. ಒಂದು ಅಡಿಗೆ ಒಂದು ಇಂಚಿನಂತೆ ಕೋಣೆ ಮಾಡಿ. ಗೋಡೆಯ ದಪ್ಪವೂ ಅದೇ ಅಳತೆಯಲ್ಲಿ ಇರಬೇಕು, ಇದನ್ನು ಬಹಳ ಜನ ಬಿಡುತ್ತಾರೆ. ಒಳಗೆ ನಿಜವಾಗಿ ಹಾಕುವ ಬಣ್ಣವನ್ನೇ ಬಳಿಯಿರಿ. ಪಕ್ಕದಲ್ಲಿ ಫೋನಿನ ಕ್ಯಾಮೆರಾ ತೂರುವಷ್ಟು ತೂತು ಮಾಡಿ. ಬೆಳಕಿಗೆ ದೊಡ್ಡದು ಚಿಕ್ಕದು ಅನ್ನುವ ಭೇದ ಇಲ್ಲ, ಸಣ್ಣ ಮಾದರಿಯಲ್ಲಿ ಕಾಣುವುದೇ ದೊಡ್ಡ ಕೋಣೆಯಲ್ಲೂ ಕಾಣುತ್ತದೆ. ಕಟ್ಟಡದ ಬೇರೆ ಯಾವ ವಿಷಯದಲ್ಲೂ ಇಷ್ಟು ಅಗ್ಗದ ಪರೀಕ್ಷೆ ಸಿಗುವುದಿಲ್ಲ.

ಅದನ್ನು ಸೈಟಿಗೆ ಒಯ್ದು, ಸರಿಯಾದ ದಿಕ್ಕಿಗೆ ಇಟ್ಟು, ಪೂಜೆಯ ಹೊತ್ತಿಗೆ ನೋಡಿ. ಬೇರೆ ತಿಂಗಳು ನೋಡಬೇಕಾದರೆ ಸೂರ್ಯನ ದಾರಿ ತೋರಿಸುವ ಆ್ಯಪ್‌ನಲ್ಲಿ ಆ ದಿನದ ದಿಕ್ಕು, ಎತ್ತರ ನೋಡಿಕೊಂಡು ಅದಕ್ಕೆ ಸರಿಯಾಗಿ ಮಾದರಿಯನ್ನು ತಿರುಗಿಸಿ, ವಾಲಿಸಿ. ಮೇಸ್ತ್ರಿಗೆ ನಕ್ಷೆ ತೋರಿಸುವುದಕ್ಕಿಂತ ಈ ಡಬ್ಬ ತೋರಿಸಿದರೆ ಬೇಗ ಅರ್ಥವಾಗುತ್ತದೆ.

ಅಪಾರ್ಟ್‌ಮೆಂಟ್‌ನವರು

ಗೋಡೆ ಮುಟ್ಟುವ ಹಾಗಿಲ್ಲ, ಕಿಟಕಿ ಇದ್ದ ಹಾಗೇ ಇರಬೇಕು. ಸರಿ, ಕಿಟಕಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಒಳಗಿನಿಂದ ಹಲಗೆಯನ್ನೋ ದಪ್ಪ ಖಾದಿ ಪರದೆಯನ್ನೋ ಹಾಕಿ ಮೇಲಿನ ಪಟ್ಟಿ ಮಾತ್ರ ಬಿಡಿ. ಅಡ್ಡ ಕಿಂಡಿ ತಯಾರು. ಮಂಟಪವನ್ನು ಕಿಟಕಿಯ ಮುಂದೆ ಇಡದೆ ಅದರ ಪಕ್ಕದ ಗೋಡೆಗೆ ಸರಿಸಿ. ಮಂಟಪದ ಹಿಂದೆ ಬಿಳಿ ಬಟ್ಟೆ, ಅಥವಾ ಮ್ಯಾಟ್ ಬಣ್ಣ. ಇಷ್ಟಕ್ಕೇ ಅರ್ಧ ಕೆಲಸ ಆಗುತ್ತದೆ.

ಕಿಟಕಿಯೇ ಇಲ್ಲದ ಒಳಕೋಣೆಗೆ ಕನ್ನಡಿ ಇಟ್ಟು ಬೆಳಕು ತರಬಹುದಲ್ಲ ಅಂತ ಕೇಳುತ್ತಾರೆ. ತರಬಹುದು, ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಆ ಪಟ್ಟೆಯೂ ಓಡುತ್ತಿರುತ್ತದೆ. ಪುದುಚೇರಿ ಹತ್ತಿರದ ಆರೋವಿಲ್‌ನ ಮಾತೃಮಂದಿರದಲ್ಲಿ 70 ಸೆಂಟಿಮೀಟರ್ ಅಗಲದ ಗಾಜಿನ ಗೋಳದ ಮೇಲೆ ಬಿಸಿಲು ಬೀಳುತ್ತಲೇ ಇರುವುದು ಮೇಲೆ ಸೂರ್ಯನನ್ನೇ ಹಿಂಬಾಲಿಸಿ ತಿರುಗುವ ಕನ್ನಡಿಯ ವ್ಯವಸ್ಥೆ ಇರುವುದರಿಂದ. ಮನೆಗೆ ಅದೆಲ್ಲ ಯಾಕೆ. ಬಾಗಿಲಿಗೆ ಜಾಳಿ ಹಾಕಿ ಹಾಲ್‌ನ ಬೆಳಕನ್ನೇ ಸೋಸಿ ತನ್ನಿ.

ಹೊಗೆ, ದೂಳು, ಲೈಟು

ಎಣ್ಣೆ ದೀಪ ಹಚ್ಚುವ ಕಡೆ ಮಸಿ ಏಳುತ್ತದೆ, ಕರ್ಪೂರವಂತೂ ಕೇಳಲೇಬೇಡಿ. ಅಡ್ಡ ಕಿಂಡಿಯ ಒಂದು ತುದಿಯಲ್ಲಿ ಗಾಜಿನ ಬದಲು ತೆರೆಯುವ ವೆಂಟಿಲೇಟರ್ ಇಡಿ. ದೀಪದ ಮೇಲಿನ ಗೋಡೆಗೆ ಸುಣ್ಣವಿದ್ದರೆ ವರ್ಷಕ್ಕೊಮ್ಮೆ ಹಬ್ಬದ ಹೊತ್ತಿಗೆ ಬಳಿದರೆ ಮುಗಿಯಿತು, ಎಮಲ್ಷನ್ ಆದರೆ ಕಲೆ ಕೂರುತ್ತದೆ. ಬಿಸಿಲ ಕೋಲು ಗಾಳಿಯಲ್ಲಿ ಕಾಣಬೇಕು ಅಂತ ಆಸೆ ಇರುವವರಿಗೆ ಒಂದು ಮಾತು: ಸ್ವಚ್ಛ ಗಾಳಿಯಲ್ಲಿ ಅದು ಕಾಣುವುದಿಲ್ಲ, ಧೂಪ ಹಾಕಿದಾಗ ಮಾತ್ರ ಕಾಣುತ್ತದೆ.

ಸೊಳ್ಳೆ ಪರದೆಯನ್ನು ಕಿಂಡಿಯ ಗಾಜಿಗೆ ಹಾಕಬೇಡಿ, ವೆಂಟಿಲೇಟರ್‌ಗೆ ಮಾತ್ರ ಹಾಕಿ. ಪರದೆಯ ದೂಳು ಎಷ್ಟು ಬೆಳಕು ತಿನ್ನುತ್ತದೆ ಅನ್ನುವುದು ಒಮ್ಮೆ ತೊಳೆದಾಗಲೇ ಗೊತ್ತಾಗುವುದು.

ಲೈಟುಗಳಿಗೆ ಬೇರೆ ಸ್ವಿಚ್ ಕೊಡಿ, ಹಾಲ್‌ನ ಸ್ವಿಚ್‌ಗೆ ಸೇರಿಸಬೇಡಿ. ಸೀಲಿಂಗ್‌ನ ನಾಲ್ಕು ಎಲ್ಇಡಿ ಬದಲು ಪೀಠದ ಪಕ್ಕದಲ್ಲಿ ಮರೆಯಾಗಿ ಒಂದು, 2700 ಕೆಲ್ವಿನ್‌ನ ಹಳದಿ ಬೆಳಕಿನದು. ಅದು ದೀಪದ ಬಣ್ಣಕ್ಕೆ ಹತ್ತಿರ. ಬಿಳಿ ಎಲ್ಇಡಿ ಹಾಕಿದರೆ ದೀಪದ ಉರಿ ಸಪ್ಪೆಯಾಗಿ ಕಾಣುತ್ತದೆ.

ಮೇಲಿನ ಗಾಜು ಒರೆಸಲು ಹೋಗುವ ದಾರಿಯನ್ನು ಮನೆ ಕಟ್ಟುವಾಗಲೇ ಯೋಚಿಸಿ. ಟೆರೇಸಿನಿಂದ ಕೈಗೆ ಸಿಗುವ ಹಾಗಿರಲಿ. ಪಾರಿವಾಳ, ಎಲೆ, ಪಾಚಿ, ಕರಾವಳಿ ಮಲೆನಾಡಿನಲ್ಲಂತೂ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜು ಹಸಿರಾಗಿರುತ್ತದೆ. ನೀರಿನ ಟ್ಯಾಂಕ್ ತೊಳೆಯುವ ದಿನವೇ ಇದನ್ನೂ ತೊಳೆದುಬಿಡಿ, ಆವತ್ತು ಹೇಗೂ ಬಕೆಟ್, ಬ್ರಷ್ ಎಲ್ಲ ಮೇಲೇ ಇರುತ್ತದೆ.